ಶನಿವಾರದ ವಿಮಾನ

ಜನವರಿ 4, ಶನಿವಾರ

ಬೆಳಗ್ಗೆ 7.10ಕ್ಕೆ ಮೊದಲ ಸಲ. ಆಮೇಲೆ 8.05, 9.00, 9.50, 10.45. ಒಟ್ಟು ಐದು ಸಲ. ಪ್ರತಿ ಸಲವೂ ನಮ್ಮ ಹಟ್ಟಿಯ ನೆತ್ತಿಯ ಮೇಲೆ ಹತ್ತು ಹನ್ನೆರಡು ಸುತ್ತು.

ಬರೀ ಸದ್ದು ಸದ್ದು ಅಂದರೆ ಆಗುವುದಿಲ್ಲ, ನಾಲ್ಕು ವಾರ ಯಾವ ಹೊತ್ತಿಗೆ ಬಂತು, ಎಷ್ಟು ಸಲ ಬಂತು ಅಂತ ಬರೆದು ತನ್ನಿ ಅಂತ ತಾಲ್ಲೂಕು ಆಫೀಸಿನ ಸಾಹೇಬರು ಹೇಳಿದ್ದಾರೆ. ಹದಿನೆಂಟು ಮನೆಯ ಈ ಹಟ್ಟಿಯಲ್ಲಿ ಕೂತು ಬರೆಯುವ ತಾಳ್ಮೆ ಇರುವವಳು ನಾನೊಬ್ಬಳೇ. ಗೊಬ್ಬರದಂಗಡಿಯವರು ಕೊಟ್ಟ ಡೈರಿ ಖಾಲಿ ಇತ್ತು. ತಮಿಳು ಸೀಮೆಯ ಈ ನಂಗವಳ್ಳಿ ಸುತ್ತಿನ ನಮ್ಮ ಜನ ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ನಾನು ಗಡಿಯಾಚೆ ಹನೂರಿನ ಕಡೆಯವಳು, ಹತ್ತನೇ ತರಗತಿವರೆಗೂ ಕನ್ನಡದಲ್ಲೇ ಓದಿದವಳು. ಹಾಗಾಗಿ ಇಲ್ಲಿ ಏನು ಬರೆದರೂ ಓದುವವರಿಲ್ಲ. ಕೊನೆಗೆ ಹೊತ್ತುಗಳನ್ನಷ್ಟೇ ತಮಿಳಿನಲ್ಲಿ ಬರೆಸಿ ಕೊಟ್ಟರಾಯಿತು.

ಮನೆಯ ಬೆನ್ನಿಗೇ ಗುಡ್ಡ. ಗುಡ್ಡ ಬಳಸಿಕೊಂಡು ಎರಡು ಮೈಲಿ ಹೋದರೆ ವಿಮಾನ ಓಡಲು ಒಂದೇ ದಾರಿ ಇರುವ ಸಣ್ಣ ಏರ್‌ಪೋರ್ಟು. ಮೊದಲು ಅಲ್ಲಿ ಆಡು ಮೇಯುತ್ತಿದ್ದವು. ದೀಪಾವಳಿ ಆದಮೇಲೆ ಯಾವುದೋ ಕಂಪನಿ ಬಂದು, ಶನಿವಾರ ಭಾನುವಾರ ಜನರನ್ನು ವಿಮಾನದಲ್ಲಿ ಮೇಲಕ್ಕೆ ಒಯ್ದು ಪ್ಯಾರಾಚೂಟ್ ಕಟ್ಟಿ ಹಾರಿಸುತ್ತಿದೆ. ಹಾರುವವರಿಗೆ ಸಂತೋಷ. ಕೆಳಗೆ ನಮ್ಮ ಕಿವಿ ಒಡೆಯುತ್ತದೆ. ಇದು ಮಳೆಗಾಲ ಮುಗಿದು ಕುರಿ ಈಯುವ ಕಾಲ ಬೇರೆ.

ಯಜಮಾನರ ಮಂಚವನ್ನು ಒಳಗೆ ಎಳೆಯಲೇ ಅಂತ ಇವರನ್ನು ಕೇಳಿದೆ. "ಇರ್ಲಿ ಬುಡು" ಅಂದರು. ಅಂಗಳದಲ್ಲೇ ಅಂಗಾತ ಮಲಗಿದ್ದರು. ಎರಡು ವರ್ಷದಿಂದ ಹಾಗೆಯೇ. ಹುಣಸೆಮರದಿಂದ ಬಿದ್ದ ದಿನದಿಂದ ಸೊಂಟದ ಕೆಳಗೆ ಸ್ವಾಧೀನವೇ ಇಲ್ಲ. ಮಾತೂ ಅಷ್ಟೇ. ನೀರು, ಅನ್ನ, ಇರ್ಲಿ ಬುಡು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು.

ಜನವರಿ 11, ಶನಿವಾರ

6.55, 7.50, 8.40, 9.35, 10.30, 11.20. ಆರು ಸಲ.

ಎರಡನೇ ಸಲ ಬಂದಾಗ ಹಿಟ್ಟು ರುಬ್ಬುತ್ತಿದ್ದೆ. ಗ್ರೈಂಡರಿನ ಸದ್ದೇ ಕೇಳಿಸಲಿಲ್ಲ ಅಂದರೆ ಎಷ್ಟು ಅಂತ ತಿಳಿಯಬೇಕು. ಹೊರಗೆ ಬಂದು ಎರಡೂ ಕೈ ಎತ್ತಿ ಬೈದೆ. ಇವರು ಮಲಗಿದ್ದಲ್ಲೇ, "ಇನ್ನೊಂದು ತೆರ್ಕೊಂಡಿಲ್ಲ... ಆಂ, ತೆರ್ಕೊಂತು" ಅಂದರು. ನಿದ್ದೆಗಣ್ಣಿನಲ್ಲಿ ಏನೋ ಅನ್ನುತ್ತಾರೆ ಅಂದುಕೊಂಡೆ.

ಜನವರಿ 12, ಭಾನುವಾರ

ನಾಲ್ಕು ಸಲ. ತಲೆನೋವು ಅಂತ ನಾನೇ ಹಟ ಮಾಡಿ ಮಂಚ ಒಳಗೆ ಹಾಕಿಸಿ ಬಾಗಿಲು ಹಾಕಿದೆ. ಇವರು ಮಧ್ಯಾಹ್ನ ಊಟ ಮುಟ್ಟಲಿಲ್ಲ. ಹೊಟ್ಟೆ ಸರಿ ಇಲ್ಲವೇನೋ. ಜೀರಿಗೆ ಕಷಾಯ ಕೊಟ್ಟೆ.

ಜನವರಿ 17, ಶುಕ್ರವಾರ

ಪೊಂಗಲ್ ಮುಗಿಯಿತು. ಕುರಿಗಳ ಕೊಂಬಿಗೆ ಬಣ್ಣ ಹಚ್ಚಿದ್ದು ಇನ್ನೂ ಹೋಗಿಲ್ಲ.

"ನಾಳೆ ಒತ್ತಾರೆ ಬ್ಯಾಗ ಗಡ್ಡ ತೆಗ್ದುಬುಡು" ಅಂದರು. ತಾವಾಗಿ ಕೇಳಿದ್ದು ಇದೇ ಮೊದಲು. ಬಿಸಿಲು ಏರಿದರೆ ಕೆರೆತ ಬರುತ್ತದೆ ಅಂತ ಇರಬೇಕು.

ಜನವರಿ 18, ಶನಿವಾರ

ಹೊತ್ತು ಬರೆಯಲು ಆಗಲಿಲ್ಲ. 7.15ಕ್ಕೆ ಒಂದು ಗೊತ್ತು. ಅದೇ ಸಾಕು.

ಪಕ್ಕದ ಮನೆಯ ಮುನಿಸ್ವಾಮಿಯ ದೊಡ್ಡಿಯಲ್ಲಿ ನಲವತ್ತು ಗಬ್ಬದ ಕುರಿ ಇದ್ದವು. ವಿಮಾನ ಇವತ್ತು ಬಹಳ ಕೆಳಗೆ ಬಂತು. ಅಷ್ಟೂ ಕುರಿ ಒಂದೇ ಮೂಲೆಗೆ ನುಗ್ಗಿ ಮುಳ್ಳುತಂತಿಗೆ ಬಿದ್ದವು. ಬಿಡಿಸಿದಾಗ ಎರಡು ನಡುಗುತ್ತಾ ನಿಂತೇ ಇದ್ದವು. ಹತ್ತು ಗಂಟೆಯೊಳಗೆ ಎರಡೂ ದಿನ ತುಂಬುವ ಮೊದಲೇ ಕಂದು ಹಾಕಿದವು. ಒಂದರಲ್ಲಿ ಅವಳಿ. ಅವನ ಹೆಂಡತಿ ಮುನಿಲಕ್ಷ್ಮಮ್ಮ ಆ ಮೂರು ಮರಿಗಳನ್ನು ಸೆರಗಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಇನ್ನೂ ಕೂದಲೇ ಬಂದಿರಲಿಲ್ಲ.

ಹಟ್ಟಿಯವರೆಲ್ಲ ಸೇರಿ ಏರ್‌ಪೋರ್ಟಿನ ಗೇಟಿಗೆ ಹೋದೆವು. ಮುಂದೆ ನಾನೇ. ಒಳಗಿನಿಂದ ನೀಲಿ ಅಂಗಿಯ ಒಬ್ಬ ಹೆಂಗಸು ಬಂದಳು. ಇಂದುಜಾ ಅಂತ ಹೆಸರು, ಹಾರುವವರಿಗೆ ಕಲಿಸುವವಳು. ಹೊಸೂರಿನವಳಾದ್ದರಿಂದ ಕನ್ನಡ ಬರುತ್ತದೆ.

"ಕೂತು ಮಾತಾಡೋಣ ಬನ್ನಿ" ಅಂದಳು.

"ಕೂರಕ್ ಬಂದಿಲ್ಲ ಮೇಡಂ" ಅಂದ ಮುನಿಸ್ವಾಮಿ. "ಮೂರು ಮರಿ ಮಣ್ಣಾಗೋದ್ವು. ನೀವ್ ಮ್ಯಾಲೆ ಆಟ ಆಡ್ತೀರಿ, ಕ್ಯಳಗೆ ನಮ್ಗೆ ಸಾವು."

ಅವಳು ತಲೆ ತಗ್ಗಿಸಿದಳು. ಇವತ್ತು ಮತ್ತೆ ಹಾರಿಸುವುದಿಲ್ಲ ಅಂದಳು, ಹಾರಿಸಲೂ ಇಲ್ಲ. ನಾನು ಗೆದ್ದವಳ ಹಾಗೆ ಮನೆಗೆ ಬಂದೆ.

ಇವರು ಕೇಳಿದರು: "ಇನ್ನು ಬರಲ್ವಾ?"

"ಬರಕ್ ಬುಟ್ಟೇನಾ" ಅಂದೆ.

ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಸುಸ್ತಾಗಿತ್ತೇನೋ.

ಜನವರಿ 25, ಶನಿವಾರ

ಮತ್ತೆ ಶುರುವಾಯಿತು. 8.30, 9.25, 10.20. ಮೂರೇ ಸಲ, ಎತ್ತರವೂ ಹೆಚ್ಚು. ನಮ್ಮ ಗಲಾಟೆಗೆ ಅಷ್ಟಾದರೂ ಫಲ ಬಂತು.

ಮೂರನೇ ಸಲ ನಡೆದದ್ದನ್ನು ಬರೆಯಬೇಕು. ನಾನು ಹುರುಳಿ ಕೇರುತ್ತಿದ್ದೆ. ಇವರು ಇದ್ದಕ್ಕಿದ್ದ ಹಾಗೆ, "ಪುಷ್ಪಾ! ತೊಪ್ಪೂರ್ ಕಡೆ ಗಾಳಿ ತಿರುಗ್ತು. ಆ ಕೆಂಪಿಂದು ಗುಡ್ಡ ದಾಟಲ್ಲ. ಇತ್ಲಾಗೇ ಬರ್ತೈತೆ!" ಅಂತ ಕೂಗಿದರು. ಕೂಗಿದರು. ನಾನು ಬೆದರಿ ಮೊರ ಕೆಳಗೆ ಹಾಕಿದೆ. ಮೇಲೆ ನೋಡಿದರೆ ಐದು ಬಣ್ಣಬಣ್ಣದ ಪ್ಯಾರಾಚೂಟ್ ಬಟ್ಟೆಗಳು ಗುಡ್ಡದ ಆಚೆ ಇಳಿಯುತ್ತಿದ್ದವು. ಕೊನೆಯದೊಂದು ಕೆಂಪು ಮಾತ್ರ ಹಿಂದಕ್ಕೆ ಹಿಂದಕ್ಕೆ ಬರುತ್ತಿತ್ತು. ಒಂದು ಸದ್ದೂ ಇಲ್ಲ. ಅಷ್ಟು ದೊಡ್ಡದು, ಒಂದು ಮನೆಯ ಮಾಳಿಗೆಯಷ್ಟು ಅಗಲ, ನಮ್ಮ ತೆಂಗಿನಮರದ ಪಕ್ಕದಿಂದ ಎಲೆ ಅಲುಗದ ಹಾಗೆ ಬಂದು ಹುರುಳಿ ಹೊಲದಲ್ಲಿ ಕೂತಿತು. ನಾನು ಕೈ ಮುಗಿದು ನಿಂತಿದ್ದೆನಂತೆ. ಮುನಿಲಕ್ಷ್ಮಮ್ಮ ಆಮೇಲೆ ಹೇಳಿ ನಕ್ಕಳು. ನನಗೆ ನೆನಪಿಲ್ಲ.

ಇಳಿದವಳು ಇಂದುಜಾ. ಹಾರಿದವರಲ್ಲಿ ಕೊನೆಯವಳಾದ್ದರಿಂದ ಗಾಳಿಗೆ ಅವಳೇ ಸಿಕ್ಕಿದ್ದು. ಪಾದ ಉಳುಕಿತ್ತು. ಅಂಗಳಕ್ಕೆ ಕರೆತಂದು ಕೂರಿಸಿ ಮಜ್ಜಿಗೆ ಕೊಟ್ಟೆ. ಎಷ್ಟು ಜಗಳವಾಡಿದರೂ ಮನೆಗೆ ಬಂದವಳಿಗೆ ನೀರು ಕೊಡದೆ ಇರಲಾಗುತ್ತದೆಯೇ.

ಇವರು ಅವಳನ್ನೇ ನೋಡುತ್ತಿದ್ದು ಕೇಳಿದರು: "ಅಲ್ಲಮ್ಮಾ, ಬೀಳಾಗ ಭಯ ಆಗಲ್ವಾ?"

"ಬೀಳೋ ತರಾನೇ ಇರಲ್ಲ ಅಣ್ಣಾ. ಬಾಗಿಲಿಂದ ಹೊರಗೆ ಹೋದ್ಮೇಲೆ ಗಾಳಿ ನಮ್ಮನ್ನ ಹಿಡ್ಕೊಂಡಂಗಿರುತ್ತೆ. ಅದರ ಮೇಲೆ ಮಲಗಿದಂಗೆ."

ಇವರು, "ನಾನ್ ಬಿದ್ದಾಗ ಗಾಳಿ ಇಡೀಲಿಲ್ಲ" ಅಂದರು.

ಅವಳು ಲೋಟ ಕೆಳಗಿಟ್ಟಳು. ಇವರ ಕಾಲುಗಳನ್ನು ಆಗಲೇ ಅವಳು ನೋಡಿದ್ದು. ಆಮೇಲೆ ಇವರೇ ಮತ್ತೆ ಶುರು ಮಾಡಿದರು. ವಿಮಾನದ ಬಾಗಿಲು ಎಷ್ಟು ಅಗಲ, ಮೇಲೆ ಚಳಿ ಎಷ್ಟು, ಮೊದಲು ಹಾರುವ ಬಿಳಿ ಬಟ್ಟೆಯವನು ಯಾಕೆ ಯಾವಾಗಲೂ ಅಷ್ಟು ತಡವಾಗಿ ತೆರೆಯುತ್ತಾನೆ, ಹಳದಿಯವನು ಹೋದ ವಾರ ಯಾಕೆ ಬಂದಿರಲಿಲ್ಲ. ಕಂಪನಿಯ ಜೀಪು ಬರುವವರೆಗೂ ಕೇಳುತ್ತಲೇ ಇದ್ದರು. ನಾನು ಬಾಗಿಲಲ್ಲಿ ಮೊರ ಹಿಡಿದು ನಿಂತೇ ಇದ್ದೆ.

ಹುರುಳಿ ಅರ್ಧ ಹಾಗೇ ಉಳಿಯಿತು.

ಫೆಬ್ರವರಿ 1, ಶನಿವಾರ

8.30, 9.20, 10.15, 11.05.

ಇಂದಿಗೆ ನಾಲ್ಕು ವಾರ ತುಂಬಿತು. ತಮಿಳಿನಲ್ಲಿ ಬರೆಸಿ ಗುರುವಾರ ಕೊಡಬೇಕು. ಮುನಿಸ್ವಾಮಿ ಸಂಜೆ ಬಂದು, "ಅತ್ಗೆ, ಎಲ್ಲಾ ಬರ್ದಿದ್ದೀಯಲ್ಲಾ? ಈ ಸಲ ಪೂರಾ ನಿಲ್ಲುಸ್ಬೇಕು" ಅಂದ. ಬರೆದಿದ್ದೇನೆ ಅಂದೆ. ಸುಳ್ಳಲ್ಲ. ಆದರೆ ಎರಡನೇ ಸಲದ ಹೊತ್ತು ಅಂದಾಜು. ಆಗ ನಾನು ಗಡಿಯಾರ ನೋಡಲಿಲ್ಲ. ಬಿಳಿ ಬಟ್ಟೆಯವನು ಯಾವಾಗ ತೆರೆಯುತ್ತಾನೆ ಅಂತ ನೋಡುತ್ತಿದ್ದೆ. ನಿಜವಾಗಿಯೂ ಬಹಳ ತಡ.

ಮುನಿಸ್ವಾಮಿಯ ಇನ್ನೂ ಮೂವತ್ತು ಕುರಿ ಈಯಬೇಕು. ಅವನು ಕೇಳುವುದು ನ್ಯಾಯ. ನಮ್ಮ ಮನೆಯಲ್ಲಿ ಒಬ್ಬರು ಶನಿವಾರಕ್ಕಾಗಿ ಕಾಯುತ್ತಾರೆ ಅನ್ನುವುದನ್ನು ಯಾವ ಅರ್ಜಿಯಲ್ಲಿ ಬರೆಯಲಿ? ಇದನ್ನು ಬರೆದ ಮೇಲೆ ತಿಳಿಯಿತು, ನನಗಿದು ಗೊತ್ತಿತ್ತು ಅಂತ.

ಫೆಬ್ರವರಿ 6, ಗುರುವಾರ

ಮೇಟೂರಿನ ತಾಲ್ಲೂಕು ಆಫೀಸಿಗೆ ಹೋಗಿ ಅರ್ಜಿ ಕೊಟ್ಟೆವು. ಎಲ್ಲ ಹೊತ್ತುಗಳೂ ಇದ್ದಂತೆಯೇ. ಒಂದನ್ನೂ ಮುಚ್ಚಿಡಲಿಲ್ಲ.

ಇಂದುಜಾಳೂ ಪೈಲಟ್ ಕೃಷ್ಣಪ್ರಸಾದರೂ ಬಂದಿದ್ದರು. ಸಾಹೇಬರು ಇಬ್ಬರ ಮಾತನ್ನೂ ಕೇಳಿದರು. ವಿಮಾನ ಪೂರಾ ನಿಲ್ಲಿಸುವುದು ತಮ್ಮ ಕೈಯಲ್ಲಿಲ್ಲ, ಆದರೆ ಕುರಿದೊಡ್ಡಿ ಇಲ್ಲದ ಕಡೆ ಮೇಲೇರಿ ಅಲ್ಲೇ ಹಾರಿಸಲಿ, ಅಂಥ ಜಾಗವನ್ನು ಹಟ್ಟಿಯವರೇ ತೋರಿಸಲಿ, ಅಲ್ಲಿಯವರೆಗೆ ವಿಮಾನ ಏರುವುದು ಬೇಡ ಅಂದರು. ಪೈಲಟ್ ಒಪ್ಪಿದರು. ಅವರ ನಕ್ಷೆಯಲ್ಲಿ ಮನೆಗಳಿವೆ, ದೊಡ್ಡಿಗಳಿಲ್ಲ. ಹೇಗೆ ಇರುತ್ತವೆ? ಇವತ್ತು ಈ ಹೊಲದಲ್ಲಿ ಮಂದೆ ಕಟ್ಟಿದರೆ ಬರುವ ತಿಂಗಳು ಇನ್ನೊಂದರಲ್ಲಿ.

"ಯಾವ ತಿಂಗಳು ಯಾವ ಗುಡ್ಡದಾಗ ಕುರಿ ಇರ್ತಾವೆ ಅಂತ ಎಲ್ಲಾ ಗೊತ್ತಿರೋ ಮನ್ಸ ಒಬ್ನೇ" ಅಂದ ಮುನಿಸ್ವಾಮಿ. "ನಮ್ ಶಿವಣ್ಣ. ನಲವತ್ತೊರ್ಸ ಕುರಿ ಹಿಂದೆ ನಡ್ದವ್ನೆ."

ಇವರ ಹೆಸರು ಕೇಳಿ ಎಲ್ಲರೂ ನನ್ನ ಕಡೆ ನೋಡಿದರು.

ಫೆಬ್ರವರಿ 9, ಭಾನುವಾರ

ಇಂದುಜಾಳೂ ಪೈಲಟ್ಟೂ ಮನೆಗೆ ಬಂದರು. ಫೋನಿನಲ್ಲಿ ನಕ್ಷೆ ತೋರಿಸಿದರು. ಇವರು ಅದನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಬೆವರು ಬಂತು.

"ಇದ್ರಾಗೆ ನಂಗೇನೂ ಗೊತ್ತಾಗಲ್ಲ ಸಾರ್. ನಾನ್ ನಡ್ಕಂಡು ನೋಡಿರೋನು."

ಪೈಲಟ್ ಫೋನು ಮುಚ್ಚಿದರು. ಆಗ ಇವರು ಯಾರ ಮುಖವನ್ನೂ ನೋಡದೆ ಅಂದರು: "ಮ್ಯಾಲಿಂದ ತೋರ್ಸುದ್ರೆ ಎಲ್ಲಿ ಅಂತ ಏಳ್ತೀನಿ."

ನಾನು ಬೈದೆ. ಬಂದವರ ಮುಂದೆಯೇ ಬೈದೆ. ಹದಿನೈದು ಅಡಿ ಮರದಿಂದ ಬಿದ್ದದ್ದು ಸಾಲದೇ ಅಂದೆ. ನಿಮ್ಮನ್ನು ಎತ್ತಿ, ತೊಳೆದು, ಹೊರಳಿಸಿ ಇಟ್ಟುಕೊಂಡಿರುವುದು ಇದಕ್ಕೇನಾ ಅಂದೆ. ಆ ಮಾತು ಆಡಬಾರದಿತ್ತು.

ಇವರು ಕೋಪಿಸಿಕೊಳ್ಳಲಿಲ್ಲ. "ಲೇ ಪುಷ್ಪಾ, ಎಲ್ರೂ ನನ್ ಕೈಲಿ ಆಗಲ್ಲ ಅಂತಾನೇ ಮಾತಾಡೋದು. ಇದು ನನ್ ಕೈಲಿ ಆಗೋ ಕೆಲ್ಸ" ಅಂದರು.

ವಿಮಾನದಲ್ಲಿ ಸೀಟೇ ಇಲ್ಲವಂತೆ, ಎಲ್ಲರೂ ನೆಲದ ಮೇಲೆ ಕೂರುವುದು. ಕಾಲಿದ್ದವರೂ ಹಾಗೇ, ಇಲ್ಲದವರೂ ಹಾಗೇ. ಇಂದುಜಾ ಅದನ್ನು ಸುಮ್ಮನೆ ಹೇಳಿದಳು. ಡಾಕ್ಟರು ಒಪ್ಪಿ ಬರೆದುಕೊಟ್ಟರೆ ಮಾತ್ರ, ನಾನೂ ಜೊತೆಗೆ ಬಂದರೆ ಮಾತ್ರ ಅಂತ ನಾನು ಅಂದೆ. ಡಾಕ್ಟರು ಒಪ್ಪುವುದಿಲ್ಲ ಅಂತ ಧೈರ್ಯ.

ಫೆಬ್ರವರಿ 13, ಗುರುವಾರ

ಒಪ್ಪಿದರು.

ಫೆಬ್ರವರಿ 16, ಭಾನುವಾರ

ಎಲ್ಲಿಂದ ಶುರು ಮಾಡಲಿ.

ಜಾಗ ನೋಡಿ ಹಾರಿಸಿ ಬರಲು ಒಂದು ಸಲ ಏರಲಿ ಅಂತ ಸಾಹೇಬರು ಒಪ್ಪಿದ್ದರು. ಬೆಳಗ್ಗೆ ಮುನಿಸ್ವಾಮಿ ಇವರನ್ನು ಬೆನ್ನ ಮೇಲೆ ಹೊತ್ತು ವಿಮಾನದೊಳಗೆ ಕೂರಿಸಿದ. ಇವರನ್ನು ಗೋಡೆಗೆ ಒರಗಿಸಿ ನಾಲ್ಕು ಕಡೆ ಪಟ್ಟಿ ಬಿಗಿದರು. ಪಕ್ಕದಲ್ಲಿ ನನ್ನನ್ನೂ ಕಟ್ಟಿದರು. ಇಬ್ಬರ ಬೆನ್ನಿಗೂ ಆಪತ್ತಿಗೆ ಅಂತ ಒಂದೊಂದು ಪ್ಯಾರಾಚೂಟ್. ಕಿವಿಗೆ ಹಾಕುವ ಯಂತ್ರ ಕೊಟ್ಟರು, ಅದರಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಎದುರಿಗೆ ಹಾರುವವರು ಐದು ಜನ, ಇಂದುಜಾ ಸೇರಿ. ನಾನು ಇಷ್ಟು ದಿನ ಶಪಿಸಿದ ಸದ್ದು ಈಗ ನನ್ನ ಹಲ್ಲಿನೊಳಗೇ ಇತ್ತು.

ನೆಲ ಬಿಟ್ಟದ್ದು ತಿಳಿಯಲೇ ಇಲ್ಲ. ನಾನು ಕಣ್ಣು ಮುಚ್ಚಿದ್ದೆ. ತೆರೆದಾಗ ಗುಡ್ಡ ಕೆಳಗಿತ್ತು. ನಮ್ಮ ಬೆನ್ನ ಹಿಂದೆ ಯಾವಾಗಲೂ ಎತ್ತರಕ್ಕೆ ನಿಂತಿರುವ ಆ ಗುಡ್ಡ ಮಲಗಿದ ಕುರಿಯ ಹಾಗೆ ಕೆಳಗೆ ಬಿದ್ದಿತ್ತು.

ಇವರು ಕಿಟಕಿಗೆ ಮುಖ ಒತ್ತಿದ್ದರು. "ಶಿವಣ್ಣ, ಗುರುತು ಸಿಗ್ತಾ?" ಅಂತ ಪೈಲಟ್ ಕೇಳಿದರು. ಮತ್ತೆ ಕೇಳಿದರು. ನನಗೆ ಸಂಕಟವಾಯಿತು. ಇಷ್ಟು ಜನರ ಮುಂದೆ ಇವರಿಗೆ ಏನೂ ತಿಳಿಯದೆ ಹೋದರೆ ಅಂತ.

ಆಗ ಇವರ ದನಿ ನನ್ನ ಕಿವಿಯೊಳಗೇ ಬಂತು: "ಪುಷ್ಪಾ. ಆ ಬಿಳೀ ಗೆರೆ ನೋಡು."

ನೋಡಿದೆ. ಗುಡ್ಡದ ಮೈಮೇಲೆ ಬಿಳಿ ದಾರದಂಥ ಗೆರೆಗಳು. ಒಂದಲ್ಲ, ಹತ್ತಾರು. ಒಂದಕ್ಕೊಂದು ಸೇರಿ, ಬಿಟ್ಟು, ಬಳಸಿ, ನೀರಿರುವ ಕಡೆಗೆ ಇಳಿದಿದ್ದವು.

"ಅದು ನಮ್ ಕುರಿ ದಾರಿ. ನಾನ್ ನಡ್ಸಿದ್ದು. ಅಪ್ಪ ನಡ್ಸಿದ್ದು. ಕ್ಯಳಗಿದ್ದಾಗ ಅದು ಕಾಣ್ಸೇ ಇರ್ಲಿಲ್ಲ ಕಣೆ, ಬರೀ ಕಲ್ಲು ಅನ್ಕಂಡಿದ್ದೆ."

ನಲವತ್ತು ವರ್ಷ ಇವರು ಹೋಗಿ ಬಂದದ್ದೆಲ್ಲ ಗುಡ್ಡದ ಮೇಲೆ ಬರೆದಿಟ್ಟಿತ್ತು. ಎರಡು ವರ್ಷದಿಂದ ಇವರು ಆ ಕಡೆ ಹೋಗಿಲ್ಲ, ಆದರೂ ಒಂದೂ ಅಳಿಸಿರಲಿಲ್ಲ. ಇವರ ಕೈ ಹಿಡಿದೆ, ತಣ್ಣಗಿತ್ತು.

ಅಲ್ಲಿಂದ ಇವರು ನಿಲ್ಲಿಸಲೇ ಇಲ್ಲ. "ಸಾರ್, ಆ ಗೆರೆ ಮುಗಿಯೋ ಕಡೆ ದೊಡ್ಡಿ, ಮಾರ್ಗಳಿ ಚಳೀಲಿ ಅಲ್ಲಿ ಇನ್ನೂರು ಕುರಿ ಇರ್ತಾವೆ. ಅಲ್ಲಿ ಬ್ಯಾಡ. ಈ ಕೆರೆ ಮ್ಯಾಲೂ ಬ್ಯಾಡ. ಎಡಕ್ಕೆ ತಿರುಗ್ಸಿ. ಇನ್ನಾ. ಆ ಬೋಳುಗುಡ್ಡ ಐತಲ್ಲಾ, ಅದ್ರಾಚೆ ಪೂರಾ ಖಾಲಿ. ಯಾವ್ ತಿಂಗ್ಳೂ ಅಲ್ಲಿ ಒಂದ್ ಕುರಿ ನಿಲ್ಲಲ್ಲ. ನೀರಿಲ್ಲ." ಪೈಲಟ್ ಹೇಳಿದ ಹಾಗೆಲ್ಲ ತಿರುಗಿಸಿದರು. ಇವರು ಕೈ ತೋರಿಸಿದ ಕಡೆಗೆ ವಿಮಾನ ಹೋಗುತ್ತಿತ್ತು. ಹಿಂದೆ ಮಂದೆ ತಿರುಗಿಸುತ್ತಿದ್ದಾಗ ಇದ್ದ ದನಿಯೇ ಇವರಿಗೆ ಬಂದಿತ್ತು.

ಇನ್ನೂ ಮೇಲೇರಿದೆವು. ತಾರಮಂಗಲದ ಗೋಪುರ ಒಂದು ಹೆಸರುಕಾಳಿನಷ್ಟಾಯಿತು. ಮೇಟೂರು ಅಣೆಕಟ್ಟಿನ ನೀರು ಬೆಳ್ಳಿ ತಟ್ಟೆ ಓರೆ ಹಿಡಿದ ಹಾಗೆ ಹೊಳೆಯಿತು. ಅದರ ಆಚೆ ನೀಲಿಯಾಗಿ, ಒಂದರ ಹಿಂದೆ ಒಂದು ಬೆಟ್ಟಗಳು.

"ಅವು ನಿಮ್ಮೂರ್ ಬೆಟ್ಟ" ಅಂದರು ಇವರು.

ಬಸ್ಸು ಬದಲಾಯಿಸಿ ಬದಲಾಯಿಸಿ ಒಂದು ಹಗಲು ಹಿಡಿಯುವ ನನ್ನ ತವರು, ಇಲ್ಲೇ, ಕಿಟಕಿಯ ಮೂಲೆಯಲ್ಲಿ. ಇಪ್ಪತ್ತಾರು ವರ್ಷ ನಾನು ದೂರ ಬಂದೆ ಅಂದುಕೊಂಡಿದ್ದೆ. ಎರಡೂ ಒಂದೇ ನೋಟದಲ್ಲಿ ಇದ್ದವು. ಅಳು ಬಂತು, ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಬೋಳುಗುಡ್ಡದ ಆಚೆ ಬಂದಾಗ ಬಾಗಿಲು ತೆರೆದರು. ಚಳಿ ಒಳಗೆ ನುಗ್ಗಿತು. ಬಿಳಿ ಬಟ್ಟೆಯವನು ಎದ್ದು ಬಾಗಿಲ ಅಂಚಿಗೆ ಹೋದ. ಇದ್ದ. ಇಲ್ಲ. ಅಷ್ಟೇ. ಮನುಷ್ಯ ನಿಂತಿದ್ದ ಜಾಗದಲ್ಲಿ ಆಕಾಶ. ಮುಂದಿನವನು, ಅವನ ಹಿಂದಿನವಳು. ನಾನು ಒಬ್ಬೊಬ್ಬರಿಗೂ "ಅಯ್ಯೋ" ಅಂದೆನಂತೆ. ಕೊನೆಗೆ ಇಂದುಜಾ ಇವರ ಭುಜ ಮುಟ್ಟಿ, ನಮ್ಮ ಕಡೆ ಮುಖ ಮಾಡಿಕೊಂಡೇ, ನಗುತ್ತಲೇ ಹಿಂದಕ್ಕೆ ಹೋದಳು.

ಪೈಲಟ್ ವಿಮಾನವನ್ನು ಓರೆ ಮಾಡಿದರು. ಕೆಳಗೆ, ಬಹಳ ಕೆಳಗೆ, ಬಾಣಲೆಯಲ್ಲಿ ಜೋಳ ಅರಳಿದ ಹಾಗೆ ಒಂದು, ಎರಡು, ಮೂರು, ನಾಲ್ಕು ಪ್ಯಾರಾಚೂಟ್ ತೆರೆದುಕೊಂಡವು. ಇವರು ಉಸಿರು ಹಿಡಿದಿದ್ದರು. ಬಿಳಿಯದು ತಡ. ತಡ. ಆಮೇಲೆ ಅದೂ.

"ಐದು" ಅಂದರು ಇವರು. ದೇವರ ಮುಂದೆ ಅನ್ನುವ ಹಾಗೆ ಅಂದರು.

ಫೆಬ್ರವರಿ 17, ಸೋಮವಾರ

ಬೋಳುಗುಡ್ಡದ ಆಚೆಯ ದಾರಿಗೆ ಸಾಹೇಬರು ಒಪ್ಪಿದರಂತೆ. ಮುನಿಸ್ವಾಮಿ ಹಟ್ಟಿಗೆಲ್ಲ ಮಿಠಾಯಿ ಹಂಚಿದ. ಅವನ ಒಂದು ಕುರಿ ಅವಳಿ ಈದಿದೆ, ಎರಡೂ ಹೆಣ್ಣು.

ಫೆಬ್ರವರಿ 22, ಶನಿವಾರ

ಬೆಳಗ್ಗೆ ಗಡ್ಡ ತೆಗೆದೆ. ಮಂಚ ಅಂಗಳಕ್ಕೆ ಹಾಕಿದೆ. ಎಂಟೂವರೆ ಆಯಿತು, ಒಂಬತ್ತೂವರೆ ಆಯಿತು. ಏನೂ ಇಲ್ಲ. ಬೆಳವನ ಹಕ್ಕಿ ಕೂಗುವುದು, ಮುನಿಸ್ವಾಮಿಯ ಮರಿಗಳು ಅರಚುವುದು, ಅಷ್ಟೇ. ಬೋಳುಗುಡ್ಡದ ಆಚೆ ಅಂದರೆ ನಮ್ಮ ಬೆನ್ನಿನ ಗುಡ್ಡ ಪೂರಾ ಮರೆ. ಸದ್ದೂ ಬರುವುದಿಲ್ಲ, ಬಟ್ಟೆಯೂ ಕಾಣುವುದಿಲ್ಲ.

ಇದು ನನಗೆ ಹೊಳೆದೇ ಇರಲಿಲ್ಲ. ಮಂಚದ ಹತ್ತಿರ ಹೋಗಿ ಕೂತೆ.

"ಇಲ್ಲಿಗ್ ಕಾಣಲ್ಲ ಅಂತ ನಿಮ್ಗೆ ಗೊತ್ತಿತ್ತಾ?"

"ಊಂ."

"ಮತ್ತೆ ಯಾಕ್ ಆ ಕಡೆ ತೋರ್ಸಿದ್ರಿ? ಬ್ಯಾರೆ ಜಾಗ ಇರ್ಲಿಲ್ವಾ?"

"ಇದ್ದಿದ್ರೆ ಏಳ್ತಿರ್ಲಿಲ್ವಾ. ಕುರಿ ಇಲ್ದಿರೋ ಕಡೆ ಅದೊಂದೇ." ಸ್ವಲ್ಪ ಹೊತ್ತು ಖಾಲಿ ಆಕಾಶ ನೋಡಿದರು. "ಇರ್ಲಿ ಬುಡು. ಮುನಿಸ್ವಾಮಿ ಮರಿ ನೋಡು, ಎಂಗ್ ನೆಗೀತಾವೆ."

ನಾನು ಒಳಗೆ ಹೋದೆ. ನಾನು ಬೇಡಿದ್ದ ಸದ್ದಿಲ್ಲದ ಬೆಳಗು. ಒಲೆ ಮುಂದೆ ಕೂತು ಏನೂ ಮಾಡಲಾಗಲಿಲ್ಲ. ಕೊನೆಗೆ ಎದ್ದು ಪಕ್ಕದ ಮನೆಗೆ ಹೋಗಿ ಮುನಿಸ್ವಾಮಿಗೆ ಎಲ್ಲ ಹೇಳಿದೆ. ಶನಿವಾರದ ಗಡ್ಡದ ವಿಷಯವನ್ನೂ ಹೇಳಿದೆ. ಅವನು ಬೀಡಿ ಹಚ್ಚಿದವನು ಸೇದಲಿಲ್ಲ. "ಇದ್ನ ಮೊದ್ಲೇ ಏಳ್ಬಾರ್ದಾಗಿತ್ತಾ ಅತ್ಗೆ" ಅಂದ.

ಮಾರ್ಚ್ 1, ಶನಿವಾರ

ಏಳು ಗಂಟೆಗೆ ಮುನಿಸ್ವಾಮಿ ಕುರಿ ಸಾಗಿಸುವ ಗಾಡಿಯನ್ನು ತೊಳೆದು, ಹುಲ್ಲು ಹಾಸಿ, ಮೇಲೆ ಹಾಸಿಗೆ ಹಾಕಿ ತಂದು ಬಾಗಿಲಲ್ಲಿ ನಿಲ್ಲಿಸಿದ. "ಅಣ್ಣಾ, ಏಳು. ಓಗಾನ" ಅಂದ. ಏಳು ಅಂದದ್ದಕ್ಕೆ ನಾನು ಬೆಚ್ಚಿದೆ. ಇವರು ನಕ್ಕುಬಿಟ್ಟರು. "ನೀನ್ ಎತ್ತುದ್ರೆ ಏಳ್ತೀನಿ ಕಣ್ಲಾ" ಅಂದರು. ಮುನಿಲಕ್ಷ್ಮಮ್ಮನೂ ಬುತ್ತಿ ಕಟ್ಟಿಕೊಂಡು ಹತ್ತಿದಳು.

ಬೋಳುಗುಡ್ಡದ ಆಚೆ ದಾರಿ ಇಲ್ಲ, ಕಲ್ಲು. ಗಾಡಿ ಎದ್ದು ಬಿದ್ದು ಹೋಯಿತು. ಒಂದು ಜಾಲಿಮರವೂ ಇಲ್ಲದ ಬಯಲು. ಇವರು ಗಾಡಿಯಲ್ಲಿ ಬೇಡ, ಕೆಳಗೆ ಹಾಕಿ ಅಂದರು. ಹಾಸಿಗೆಯೂ ಬೇಡ ಅಂದರು. ಬರೀ ನೆಲದ ಮೇಲೆ ಅಂಗಾತ ಮಲಗಿ, ಎರಡೂ ಅಂಗೈ ಮಣ್ಣಿಗೆ ಒತ್ತಿಕೊಂಡರು.

ವಿಮಾನ ನೇರ ತಲೆಯ ಮೇಲೆ ಏರಿತು. ಸದ್ದಿಗೆ ನೆಲ ಸಣ್ಣಗೆ ಅದುರಿತು. ಮುನಿಸ್ವಾಮಿ ಗಾಡಿಗೆ ಒರಗಿ ಬೇರೆ ಕಡೆ ನೋಡುತ್ತಿದ್ದ. ಅವನಿಗೆ ಇನ್ನೂ ಸಿಟ್ಟು ಹೋಗಿಲ್ಲ, ಹೋಗುವಂಥದ್ದೂ ಅಲ್ಲ. ಆದರೆ ಸದ್ದು ನಿಂತು, ಕಾಣದಷ್ಟು ಸಣ್ಣ ಚುಕ್ಕೆಗಳು ವಿಮಾನದಿಂದ ಬೇರೆಯಾದಾಗ, ಇವರು "ಈಗ ನೋಡ್ಲಾ, ಈಗ" ಅಂದರು. ಅವನು ತಲೆ ಎತ್ತಿದ. ಎತ್ತಿದವನು ಹಾಗೇ ನಿಂತ. ಚುಕ್ಕೆಗಳು ಒಂದೊಂದೇ ಅರಳಿದವು, ಅಷ್ಟು ದೊಡ್ಡ ಬಯಲಿನ ಮೇಲೆ, ಯಾವ ಸದ್ದೂ ಇಲ್ಲದೆ.

"ಅಪ್ಪಾ ಮುನೇಶ್ವರಾ" ಅಂದ. ಮುನಿಲಕ್ಷ್ಮಮ್ಮ ನನ್ನ ತೋಳು ಹಿಡಿದಿದ್ದಳು.

ಒಂದು ಸಲ ನೋಡಿ ಹೋಗುವುದು ಅಂತಿದ್ದೆವು. "ಇನ್ನೊಂದ್ ಸಲ ಏರ್ತೈತೆ, ಇರ್ರಿ" ಅಂದರು ಇವರು. ಹಾಗೆಯೇ ಮೂರು ಸಲ ಆಯಿತು. ಬುತ್ತಿ ಅಲ್ಲೇ ಬಿಚ್ಚಿ ತಿಂದೆವು. ಬಿಸಿಲಿಗೆ ಇವರ ಮುಖ ಕೆಂಪಾಗಿತ್ತು. ನನ್ನ ಸೆರಗಿನಿಂದ ಎಷ್ಟು ಹೊತ್ತು ನೆರಳು ಮಾಡುವುದು. ಗಾಡಿಗೆ ಹಾಕುವಾಗ, "ಬರೋ ಶನಿವಾರ ಮರೀದೆ ಕೊಡೆ ತಕಾ ಕಣೆ" ಅಂದರು.

ಕೊಡೆಯ ಎರಡು ಕಡ್ಡಿ ಮುರಿದಿವೆ. ಬುಧವಾರ ತಾರಮಂಗಲಕ್ಕೆ ಹೋದಾಗ ಸರಿ ಮಾಡಿಸಬೇಕು.